ದಾರ ಕಟ್ಟದ ಇಟ್ಟಿಗೆ

ಸರಕು ಕೊಳ್ಳುವವನ ಕಣ್ಣಿಂದ ನೋಡಿದರೆ ಆಕೆಯಲ್ಲಿ ಹೆಚ್ಚಿಗೆ ಬೆಲೆ ಹೇಳುವಂಥದ್ದೇನೂ ಇರಲಿಲ್ಲ. ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ತೂಕ, ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ ತೂಗಿದರೂ, ಒಂದು ಮೂಟೆ ಈರುಳ್ಳಿಯನ್ನು ಮೀರದು. ಬಲಗೈ ನಡುಬೆರಳಲ್ಲಿ ಪೆನ್ನು ಒತ್ತಿ ಎದ್ದ ಗಂಟು. ಕನ್ನಡಕದ ಎಡಗಾಜಿಗೆ ಕೂದಲಿನಂಥ ಬಿರುಕು. ಮಾತು ಮಿತ, ಚೌಕಾಸಿ ಶೂನ್ಯ. ಇಂಥವರು ಅಂಗಡಿಗೆ ಬಂದರೆ ವ್ಯಾಪಾರಿಗೆ ಹಬ್ಬ. ಆದರೆ ಒಂದು ಐಬು. ಒಳಗೆ ಕಾಲಿಟ್ಟ ಕೂಡಲೇ ಆಕೆ ಸರಕು ನೋಡುತ್ತಿರಲಿಲ್ಲ, ಚಾವಣಿ ನೋಡುತ್ತಿದ್ದಳು. ಚಾವಣಿಯಾದ ಮೇಲೆ ಗೋಡೆಯ ಕೊಳಾಯಿ, ಕೊಳಾಯಿಯಾದ ಮೇಲೆ ಹೊಸ್ತಿಲಿನ ಎತ್ತರ. ಕಡೆಗೆ, ಕೇಳದಿದ್ದರೂ, ಒಂದು ಮಾತು: "ಮೂಟೆ ನೆಲಕ್ಕೇ ಇಟ್ಟಿದ್ದೀರಲ್ಲ. ಒಂದು ಗೇಣು ಮೇಲಿಡಿ." ಹೀಗೆ ಹೇಳಿ ಅರ್ಧ ಕಿಲೋ ಸಕ್ಕರೆ ಕೊಂಡು ಹೋಗುವಳು. ವ್ಯಾಪಾರಿ ನಗುವನು. ನಕ್ಕ ಮೇಲೆ ಒಮ್ಮೆ ಚಾವಣಿಯತ್ತ ನೋಡುವನು. ಆ ಎರಡನೆಯದಕ್ಕೆ ಆಕೆ ಬೆಲೆ ಕೇಳಲಿಲ್ಲ.

ಆಕೆಯ ಕೆಲಸ ಜನನ ಮರಣ ದಾಖಲಿಸುವ ಸಣ್ಣ ಕಚೇರಿಯಲ್ಲಿ ದಫ್ತರ ನೋಡಿಕೊಳ್ಳುವುದು. ಎರಡು ಕೋಣೆ, ಒಂದು ಪಡಸಾಲೆ, ಹಿಂದುಗಡೆ ಒಂದು ಬಚ್ಚಲು. ಸಹಿ ಹಾಕಲು ಒಬ್ಬ ಸಾಹೇಬರು, ಬರೆಯಲು ಆಕೆ, ಉಳಿದ ಎಲ್ಲಕ್ಕೂ ಒಬ್ಬ ಜವಾನ. ಊರಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದಕ್ಕೆ ಅಲ್ಲಿನ ಉದ್ದನೆಯ ಪುಸ್ತಕಗಳೇ ಸಾಕ್ಷಿ. ಊರು ಆಕೆಯನ್ನು ಇಟ್ಟಿಗೆಯಮ್ಮ ಎನ್ನುತ್ತಿತ್ತು. ಎದುರಿಗಲ್ಲ, ಆದರೆ ಬೆನ್ನ ಹಿಂದಿನ ಮಾತು ಕಿವಿಗೆ ಬೀಳದಷ್ಟು ದೊಡ್ಡ ಊರೇನೂ ಅದಲ್ಲ.

ಆ ಹೆಸರು ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ಆಕೆ ಕೆಲಸಕ್ಕೆ ಸೇರಿದ ಏಳನೇ ತಿಂಗಳಲ್ಲಿ. ಕಚೇರಿಯ ಮೇಲಿನ ಮಹಡಿಯಲ್ಲಿ ಹಾಸಿಗೆ ಹೊಲಿಯುವ ಅಂಗಡಿಯಿತ್ತು. ಒಂದು ಮಧ್ಯಾಹ್ನ ಅಲ್ಲಿ ಹತ್ತಿಗೆ ಕಿಡಿ ತಗುಲಿತು. ಅಗ್ನಿಶಾಮಕದವರು ಬಂದು ಮೂರು ಗಂಟೆ ನೀರು ಹೊಡೆದು ಆರಿಸಿದರು. ಕಚೇರಿಯ ಒಂದು ಹಾಳೆಯೂ ಸುಡಲಿಲ್ಲ. ಎಲ್ಲರೂ ಆಕೆಯ ಅದೃಷ್ಟವನ್ನು ಹೊಗಳಿದರು. ಮೇಲೆ ಹೊಡೆದ ನೀರು ಕೆಳಗೇ ಬರಬೇಕಲ್ಲ ಎಂಬುದು ಹೊಗಳಿ ಮುಗಿದ ಮೇಲೆ ಹೊಳೆಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಸುವ ಒಂದು ಸುತ್ತೋಲೆಯೂ ಕಚೇರಿಗೆ ಬಂದಿತ್ತು. ಅದಕ್ಕೆ ನಂಬರು ಹಾಕಿ, ಫೈಲಿಗೆ ಸೇರಿಸಿ, ಬೀರುವಿನಲ್ಲಿಟ್ಟು, ಬೀಗ ಹಾಕಿದ್ದರು. ಬೀರು ನೀರು ಸೋರುತ್ತಿದ್ದ ಕೋಣೆಯಲ್ಲಿತ್ತು. ಬೀಗದ ಕೈ ರಜೆಯ ಮೇಲಿದ್ದ ಸಾಹೇಬರ ಜೇಬಿನಲ್ಲಿತ್ತು.

ಬೀಗ ಒಡೆದು ನೋಡಿದಾಗ ನಾಲ್ಕು ಪುಸ್ತಕ ಒದ್ದೆಯಾಗಿದ್ದವು. ಮೂರಕ್ಕೆ ಬರಿಯ ಅಂಚು. ಆ ವರ್ಷದ್ದು ಮಾತ್ರ ತುದಿಯಿಂದ ಬುಡದವರೆಗೆ ನೆನೆದು, ಎತ್ತಿದರೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ತೈದರ ಹುಡುಗಿ ಅದನ್ನು ಎರಡು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದಳು. ನೋಡಲು ಬಂದ ಗುಂಪಿನಲ್ಲಿ ಪಕ್ಕದ ಬೀದಿಯ ಐಸ್ ಕಾರ್ಖಾನೆಯ ಯಜಮಾನನೂ ಇದ್ದ. ಒದ್ದೆ ಸರಕಿನ ವಿಷಯದಲ್ಲಿ ತನಗಿಂತ ಬಲ್ಲವರಿಲ್ಲವೆಂದು ತಿಳಿದವನು.

"ಇದಕ್ಕೇನಮ್ಮಾ ಇಷ್ಟು ತಲೆ ಕೆಡಿಸ್ಕೊಳ್ತೀಯ?" ಅಂದ. "ಬಟ್ಟೆ ಒಣಗಿಸಲ್ವಾ? ಹಾಗೇ. ಬಿಸಿಲಿಗೆ ಹಾಕು. ಸೊಟ್ಟಗಾಗದ ಹಾಗೆ ಮೇಲೆ ಭಾರ ಇಡು. ತೂಕದ ಕಲ್ಲು ನಾನೇ ಕಳಿಸ್ತೀನಿ."

ಕಳಿಸಿದ. ಐದು ಕಿಲೋದ ನಾಲ್ಕು ಕಬ್ಬಿಣದ ಕಲ್ಲು, ಬಾಡಿಗೆಯಿಲ್ಲದೆ. ಆ ಮನುಷ್ಯನಿಂದ ಏನಾದರೂ ಪುಕ್ಕಟೆ ಬಂದಾಗಲೇ ಊರು ಅನುಮಾನ ಪಡಬೇಕಿತ್ತು.

ನಾಲ್ಕು ದಿನ ಒಳ್ಳೆ ಬಿಸಿಲು. ಐದನೇ ದಿನ ಕಲ್ಲು ತೆಗೆದಳು. ಪುಸ್ತಕ ಸೊಟ್ಟಗಾಗಿರಲಿಲ್ಲ, ಆ ಮಟ್ಟಿಗೆ ಯಜಮಾನನ ಮಾತು ಸುಳ್ಳಾಗಲಿಲ್ಲ. ಆದರೆ ಅದು ಪುಸ್ತಕವಾಗಿರಲಿಲ್ಲ. ಇನ್ನೂರು ಹಾಳೆ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಗಟ್ಟಿಯಾಗಿದ್ದವು. ಬೆರಳಲ್ಲಿ ತಟ್ಟಿದರೆ ಠಣ್ ಎನ್ನುತ್ತಿತ್ತು. ಚಾಕುವಿನ ತುದಿಯಿಂದ ಒಂದು ಮೂಲೆ ಬಿಡಿಸಲು ಹೋದಳು. ಹಳೇ ಗೋಡೆಯ ಸುಣ್ಣದಂತೆ ಒಂದು ಚಕ್ಕೆ ಎದ್ದು ಬಂತು. ಚಕ್ಕೆಯ ಮೇಲೆ ಯಾವುದೋ ಹೆಸರಿನ ಕೊನೆಯ ಅಕ್ಷರದ ಕೊಂಬು ಇತ್ತು, ಅಷ್ಟೇ. ಯಾರದೆಂದು ತಿಳಿಯಲಿಲ್ಲ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಮೇಜಿನ ಖಾನೆಗೆ ಸೇರಿಸಿದಳು. ಆಮೇಲೆ ಚಾಕು ಮುಟ್ಟಲಿಲ್ಲ.

ವಿಚಾರಣೆಗೆ ಮೇಲಿನವರು ಬಂದರು. "ಬಿಸಿಲಿಗೆ ಹಾಕಿದ್ಯಾರು?"

"ನಾನು ಸಾರ್."

"ಯಾರಾದರೂ ಹೇಳಿದ್ರಾ?"

ಕಿಟಕಿಯಾಚೆ ಬೀದಿಯಲ್ಲಿ ಐಸ್ ಗಾಡಿ ಹೋಗುತ್ತಿತ್ತು. ಅದು ಹಾದುಹೋಗುವವರೆಗೆ ನೋಡಿ ಆಕೆ, "ಕೈ ನಂದೇ ಸಾರ್" ಎಂದಳು. ಎಚ್ಚರಿಕೆಯ ಪತ್ರ ಬಂತು. ಹೆಸರೂ ಬಂತು. ಪತ್ರ ಹಳದಿಯಾಯಿತು, ಹೆಸರು ಆಗಲಿಲ್ಲ.

ಆ ಇಟ್ಟಿಗೆಯೊಳಗೆ ನಾನೂರ ಹನ್ನೆರಡು ಹೆಸರಿದ್ದವು. ಬದುಕಿದ್ದವರು ಹೇಗೋ ದಾರಿ ಮಾಡಿಕೊಂಡರು. ಮೊದಲೇ ಪ್ರಮಾಣಪತ್ರ ಪಡೆದವರು ಅದನ್ನು ತಂದು ತೋರಿಸಿದರು; ಉಳಿದವರಿಗೆ ಸೂಲಗಿತ್ತಿಯ ಸಾಕ್ಷಿ, ಆಮೇಲೆ ಶಾಲೆಯ ಚೀಟಿ. ಆಕೆ ಭಾನುವಾರವೂ ಮನೆಮನೆ ತಿರುಗಿ ಹೊಸ ಪುಸ್ತಕ ತುಂಬಿಸಿದಳು. ತುಂಬದೆ ಉಳಿದದ್ದು ಹುಟ್ಟಿದ ಕೆಲವೇ ದಿನಕ್ಕೆ ಹೋದ ಕೂಸುಗಳ ಸಾಲು. ಅವುಗಳಿಗೆ ಶಾಲೆಯಿಲ್ಲ, ಚೀಟಿಯಿಲ್ಲ, ಕೇಳುವವರೂ ಇಲ್ಲ.

ಒಬ್ಬಳು ಕೇಳಿದಳು. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದವಳು. ಬೆಂಕಿಯ ಮರುವರ್ಷ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದು ನಿಂತಳು.

"ನನ್ನ ಮಗು ಸಾಲು ಇದೆಯಾ?"

"ಯಾವಾಗ ಹುಟ್ಟಿದ್ದು?"

"ಹೋದ ವರ್ಷ, ಇದೇ ದಿನ. ಮೂರು ದಿನ ಇತ್ತು. ನೀವೇ ಬರ್ಕೊಂಡಿದ್ರಿ."

ಆಕೆಗೆ ನೆನಪಾಯಿತು. ಮುಖ ಅಲ್ಲ, ಅಳತೆಪಟ್ಟಿ. "ಕಾಗದ ಬೇಕಿತ್ತಾ?"

"ಕಾಗದ ತಗೊಂಡು ಏನ್ಮಾಡ್ಲಿ? ಫೋಟೋ ಇಲ್ಲ, ಹೆಸರೂ ಇಟ್ಟಿರಲಿಲ್ಲ. ಬರೆದದ್ದು ಇದೆಯಾ ಅಂತ ಕೇಳ್ದೆ, ಅಷ್ಟೇ."

"ಇದೆ," ಎಂದಳು ಆಕೆ.

"ಎಲ್ಲಿ?"

ಮೇಜಿನ ಮೇಲಿದ್ದ ಇಟ್ಟಿಗೆಯನ್ನು ತೋರಿಸಿದಳು. "ಇದರೊಳಗೆ."

ಹೊಲಿಗೆಯವಳು ಅದರ ಮೇಲೆ ಅಂಗೈ ಇಟ್ಟಳು. ಕಿಟಕಿಯ ಬಿಸಿಲು ಅಲ್ಲೇ ಬೀಳುತ್ತಿತ್ತು. "ಬೆಚ್ಚಗಿದೆ" ಎಂದು ಹೇಳಿ, ಇನ್ನೇನೂ ಕೇಳದೆ ಹೊರಟುಹೋದಳು. ಮರುವರ್ಷ ಅದೇ ದಿನ ಬಂದಳು. ಅದರ ಮರುವರ್ಷವೂ. "ಇದೆಯಾ?" "ಇದೆ." ಅಂಗೈ ಇಟ್ಟು ಹೋಗುವುದು.

ಅಷ್ಟೂ ವರ್ಷ ಆಕೆ ಹೇಳಿದ ಆ 'ಇದೆ' ಎಂಬ ಮಾತು ನಿಜವೋ ಸುಳ್ಳೋ ಆಕೆಗೇ ಗೊತ್ತಿರಲಿಲ್ಲ. ಇದೇ ಆಕೆಯನ್ನು ಕಾಡಿದ್ದು. ಕಚೇರಿಯ ನಿಯಮ, ನಮೂದುಗಳನ್ನು ಶಾಯಿ ಪೆನ್ನಿನಲ್ಲೇ ಬರೆಯಬೇಕೆಂದು. ಶಾಯಿ ನೀರು ಕಂಡರೆ ಓಡುತ್ತದೆ. ಆದರೆ ಆ ವರ್ಷ ಕಚೇರಿಯ ಪೆನ್ನು ಸೋರುತ್ತಿತ್ತು. ಹೊಸ ಕೆಲಸ, ಹೊಸದು ಕೇಳಲು ಸಂಕೋಚ. ಸಾಹೇಬರು ಇಲ್ಲದಾಗ ಆಕೆ ಕದ್ದು ತನ್ನ ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದಳು. ಬಾಲ್ ಪೆನ್ನಿನ ಬರಹ ಎಣ್ಣೆಯದು, ನೀರಿಗೆ ಬಗ್ಗುವುದಿಲ್ಲ. ಆ ದಿನ, ಅಳತೆಪಟ್ಟಿಯವಳು ಎದುರು ನಿಂತಾಗ, ಕೈಯಲ್ಲಿ ಯಾವ ಪೆನ್ನಿತ್ತು? ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಯಾರದೋ ಮದುವೆಯಲ್ಲಿ ಸಾಲಾಗಿ ನಿಂತಾಗ ಆಕೆಯ ಬಲಗೈ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು, ಆ ಪೆನ್ನಿನ ದಪ್ಪ ನೆನಪಿಸಿಕೊಳ್ಳಲು ನೋಡುವಂತೆ. ಬೇಸಿಗೆಯ ಮಧ್ಯಾಹ್ನ ಕಚೇರಿ ಮೌನವಾಗಿದ್ದಾಗ ಇಟ್ಟಿಗೆ ಒಮ್ಮೊಮ್ಮೆ ಚಟ್ ಎನ್ನುತ್ತಿತ್ತು. ಒಣ ಕಾಗದ ಇನ್ನೂ ಬಿಗಿದುಕೊಳ್ಳುವ ಸದ್ದು. ಜವಾನ ಬೆಚ್ಚುವನು: "ಅಕ್ಕಾ, ಅದು ಮಾತಾಡ್ತು." ಆಕೆ ತಲೆಯೆತ್ತದೆ ಹೇಳುವಳು: "ಅದಕ್ಕೆ ನಾನೂರ ಹನ್ನೆರಡು ಬಾಯಿದೆ. ಒಂದು ಮಾತಾಡಿದ್ರೆ ಏನಾಯ್ತು?"

ಐದು ವರ್ಷ ಕಳೆದ ಮೇಲೆ ದೊಡ್ಡ ಕಚೇರಿಯಲ್ಲಿ ಒಂದು ದಿನದ ತರಬೇತಿಗೆ ಕರೆದರು. ಪಾಠ ಮಾಡಿದವನು ಹಳೇ ಕಾಗದ ರಿಪೇರಿ ಮಾಡುವ ಒಬ್ಬ ಮುದುಕ. ಊದಿದ ಬೆರಳು, ಬೇಸರದ ದನಿ. "ಪುಸ್ತಕ ಒದ್ದೆಯಾಯ್ತಾ? ಕೂಡಲೇ ಒಂದೊಂದೇ ಹಾಳೆ ನೆರಳಲ್ಲಿ ಆರಿಸೋಕೆ ಆಗದಿದ್ರೆ ಹಾಗೇ ಹೆಪ್ಪುಗಟ್ಟಿಸಿ. ಮೀನು ಇಡೋ ಹಾಗೆ. ಐಸಿನಲ್ಲಿ ಬೂಷ್ಟು ಬರಲ್ಲ, ಹಾಳೆ ಅಂಟಲ್ಲ. ಆರು ತಿಂಗಳಾದ್ರೂ ನಿಮಗೋಸ್ಕರ ಕಾಯುತ್ತೆ."

"ಬಿಸಿಲಿಗೆ ಹಾಕಿದ್ರೆ?" ಹಿಂದಿನ ಬೆಂಚಿನಿಂದ ಆಕೆ ಕೇಳಿದಳು.

"ಬಿಸಿಲಿಗೆ ಹಾಕಿ ಮೇಲೆ ಭಾರಾನೂ ಇಟ್ರೆ ಇನ್ನೂ ಒಳ್ಳೇದು. ಮನೆ ಕಟ್ಟಬಹುದು."

ತರಗತಿ ನಕ್ಕಿತು. ಆಕೆಯೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂದು ಊರು ಹಂಗಿಸುವುದುಂಟು. ಆಕೆ ಹಾಗೆ ತೋಡಿದವಳೇ. ಆದರೆ ಬೆಂಕಿ ಒಂದೇ ಸಲ ಬೀಳುತ್ತದೆಂದು ಯಾರು ಹೇಳಿದರು? ತರಬೇತಿಯಿಂದ ಬಂದ ವಾರದಲ್ಲೇ ಒಂದು ಹಾಳೆ ಬರೆದಳು. ಮೊದಲು ಯಾವ ಪುಸ್ತಕ ಎತ್ತಬೇಕು, ಯಾರು, ಎಲ್ಲಿಗೆ. ಒಂದೇ ಹಾಳೆ, ದಪ್ಪಕ್ಷರ. ಅದನ್ನು ಬೀರುವಿನಲ್ಲಿಡಲಿಲ್ಲ. ಒಂದು ಪ್ರತಿ ಕಚೇರಿಯ ಬಾಗಿಲಿಗೆ, ಒಂದು ತನ್ನ ಅಡುಗೆಮನೆಗೆ, ಒಂದು ಜವಾನನ ಊಟದ ಚೀಲಕ್ಕೆ ಹೊಲಿದು. ಕಳೆದರೆ ಮತ್ತೆ ಸಿಗದ ಪುಸ್ತಕಗಳ ಬೆನ್ನಿಗೆ ಕೆಂಪು ಉಣ್ಣೆ ದಾರ, ಬೇರೆಡೆ ನಕಲಿರುವುದಕ್ಕೆ ಹಳದಿ. ದಾರವಿಲ್ಲದ್ದನ್ನು ಬಿಟ್ಟು ಓಡುವುದು. ತಿಂಗಳಿಗೊಮ್ಮೆ ಕಾರ್ಬನ್ ಪ್ರತಿ ಎತ್ತರದ ಜಾಗದಲ್ಲಿದ್ದ ಶಾಲೆಯೊಂದರ ಬೀರುವಿಗೆ ಹೋಗುತ್ತಿತ್ತು. "ಒಂದೇ ಸೂರಿನಡಿ ಇಟ್ಟ ನಕಲು ನಕಲಲ್ಲ" ಎಂದು ಸಾಹೇಬರಿಗೆ ವಿವರಿಸಿದಳು, "ಜೊತೆಗೆ ಸಾಯೋ ಗೆಳತಿ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತಲ್ಲಮ್ಮ" ಎಂದರು ಸಾಹೇಬರು.

"ಹುಟ್ಟಿದ ಮೇಲೆ ಹೊಲಿಯೋಕೆ ಕೂತಿದ್ದು ಒಂದ್ಸಲ ನೋಡಿದ್ದೀನಿ ಸಾರ್."

ತಿಂಗಳ ಎರಡನೇ ಶನಿವಾರ ಕಚೇರಿ ಮುಚ್ಚುವ ಮುನ್ನ ಆಕೆ ಮತ್ತು ಜವಾನ ಕೆಂಪು ದಾರದ ಪುಸ್ತಕಗಳನ್ನು ಎತ್ತಿಕೊಂಡು ಬೀದಿಗೆ ಓಡುವರು. ಗಡಿಯಾರ ನೋಡಿ ಮತ್ತೆ ಒಳಗಿಡುವರು. ಮೊದಲ ಸಲ ಇಪ್ಪತ್ತಾರು ನಿಮಿಷ. ದಪ್ಪ ಪುಸ್ತಕಗಳನ್ನು ಎರಡಾಗಿ ಒಡೆದು ಕಟ್ಟಿಸಿದ ಮೇಲೆ ಹನ್ನೊಂದು. ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚಿ ಬಿಟ್ಟು, ಹೊರಗೆ ಬಂದು ನಿಂತು ನೋಡುವನು. "ಇವತ್ತು ಯಾರು ಫಸ್ಟು?"

ಮನೆಯಲ್ಲೂ ಅಷ್ಟೇ. ಅಕ್ಕಿಡಬ್ಬ, ಟ್ರಂಕು, ಗಂಡನ ಚಪ್ಪಲಿ ಎಲ್ಲ ನೆಲದಿಂದ ಒಂದು ಗೇಣು ಮೇಲೆ. ಅತ್ತೆಯ ನಾಲಿಗೆ ಮಾತ್ರ ಇಟ್ಟಲ್ಲೇ ಇತ್ತು. "ಏನೇ, ನನ್ನ ಮಂಚಕ್ಕೂ ದಾರ ಕಟ್ಟಿದ್ದೀಯೇನೇ? ಕೆಂಪೋ ಹಳದಿಯೋ?"

"ಕಟ್ಟಿಲ್ಲ ಅತ್ತೆ. ನಿಮಗೆ ಕಾಲಿದೆಯಲ್ಲ, ನೀವೇ ನಡೀತೀರಿ."

"ನೋಡಪ್ಪಾ" ಎಂದಳು ಅತ್ತೆ ಮಗನಿಗೆ, "ನಿನ್ನ ಹೆಂಡ್ತಿ ಲೆಕ್ಕದಲ್ಲಿ ನಾನು ಬಿಟ್ಟು ಓಡೋ ಸಾಮಾನು."

ಹಾಳೆಯ ನಾಲ್ಕನೇ ಪ್ರತಿ ಹಿಡಿದು ಆಕೆ ಐಸ್ ಕಾರ್ಖಾನೆಗೆ ಹೋದಳು. ಊರಿನಲ್ಲಿ ಹೆಪ್ಪುಗಟ್ಟಿಸುವ ಕೋಣೆ ಇದ್ದದ್ದು ಅಲ್ಲೊಂದೇ, ಅದೂ ಏರಿನ ಮೇಲೆ. ಯಜಮಾನ ಗಲ್ಲಾದ ಹಿಂದೆ ಕೂತು ಉಗುರು ತೆಗೆಯುತ್ತಿದ್ದ. ಆಕೆಯನ್ನು ಕಂಡು ಅವನ ಕೈ ನಿಂತಿತು. ಆಕೆ ಎಂದಾದರೊಂದು ದಿನ ಬಂದು ಆ ನಾಲ್ಕು ಕಲ್ಲಿನ ಮಾತು ಎತ್ತುವಳೆಂದು ಅವನು ಐದು ವರ್ಷದಿಂದ ಕಾಯುತ್ತಿದ್ದ, ಉತ್ತರವನ್ನೂ ತಯಾರಿಟ್ಟಿದ್ದ.

"ಒಂದು ಶೆಲ್ಫು ಬೇಕು" ಎಂದಳು. "ಈಗಲ್ಲ. ನೆರೆ ಬಂದ್ರೆ, ಬೆಂಕಿ ಬಿದ್ರೆ. ಒದ್ದೆ ಪುಸ್ತಕ ತಂದು ನಿಮ್ಮ ಐಸ್ ಕೋಣೇಲಿ ಇಡ್ತೀನಿ."

"ಪುಸ್ತಕನಾ? ತಿನ್ನೋರು ಯಾರಮ್ಮಾ?"

"ಬೂಷ್ಟು ತಿನ್ನುತ್ತೆ. ಐಸಿನಲ್ಲಿ ತಿನ್ನಲ್ಲ." ಹಾಳೆ ಮುಂದಿಟ್ಟಳು. "ಇಲ್ಲಿ ಸಹಿ ಹಾಕಿ."

"ಮೀನು ಇದ್ದಾಗ ಬಂದ್ರೆ?"

"ಮೀನು ನಾಳೆನೂ ಹಿಡೀತಾರೆ."

ಅವನು ಹಾಳೆ ಓದಿದ. ಕೆಳಗಡೆ ದಪ್ಪಕ್ಷರದಲ್ಲಿ ಬರೆದಿತ್ತು: ಬಿಸಿಲಿಗೆ ಹಾಕಬಾರದು. ಭಾರ ಇಡಬಾರದು. ಅವನು ತಲೆಯೆತ್ತಿದ. ಆಕೆ ಚಾವಣಿ ನೋಡುತ್ತಿದ್ದಳು. "ನಿಮ್ಮ ಮೂಲೆ ಹೆಂಚು ಸೋರುತ್ತೆ" ಎಂದಳು. ಅವನು ಚೌಕಾಸಿ ಮಾಡದೆ ಸಹಿ ಹಾಕಿದ. ಅವನ ಬದುಕಿನಲ್ಲಿ ಹಾಗಾದದ್ದು ಅದೊಂದೇ ಸಲ. ತಯಾರಿಟ್ಟ ಉತ್ತರ ಕೆಲಸಕ್ಕೆ ಬರಲಿಲ್ಲ.

ಹದಿಮೂರು ವರ್ಷ ಏನೂ ಆಗಲಿಲ್ಲ. ಹಾಳೆ ಬಣ್ಣಗೆಟ್ಟಾಗ ಆಕೆ ಹೊಸದು ಅಂಟಿಸಿದಳು. ದಾರ ಮಾಸಿದಾಗ ಹೊಸದು ಕಟ್ಟಿದಳು. ಸಾಹೇಬರು ಮೂವರು ಬದಲಾದರು. ಜವಾನನಿಗೆ ಮಂಡಿನೋವು ಬಂದು ಹನ್ನೊಂದು ನಿಮಿಷ ಹದಿಮೂರಾಯಿತು. ಇಟ್ಟಿಗೆ ಮೇಜಿನ ಮೇಲೆ ಇದ್ದಲ್ಲೇ ಇತ್ತು, ಚಟ್ ಎನ್ನುತ್ತಿತ್ತು. ಹೊಲಿಗೆಯವಳ ಕೂದಲು ಬೆಳ್ಳಗಾಯಿತು. "ಇದೆಯಾ?" "ಇದೆ." ಒಂದು ವರ್ಷ ಆಕೆ ಬಾಯಿ ತೆರೆದು, 'ನನಗೆ ಗೊತ್ತಿಲ್ಲ' ಎಂದು ಹೇಳಿಯೇ ಬಿಡಬೇಕೆಂದುಕೊಂಡಳು. ಅಷ್ಟರಲ್ಲಿ ಆ ಅಂಗೈ ಆಗಲೇ ಇಟ್ಟಿಗೆಯ ಮೇಲಿತ್ತು.

ಮರುವರ್ಷದ ಮಳೆಗಾಲದಲ್ಲಿ, ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಮೇಲಿನ ಕೆರೆಯ ಏರಿ ಒಡೆಯಿತು. ಬೀದಿಯಲ್ಲಿ ಯಾರೋ ಸೈಕಲ್ ಬಿಟ್ಟು ಓಡಿದರು. ಆಕೆ ಕಿಟಕಿಯಿಂದ ನೋಡಿದಳು. ನೀರು ಕ್ಷೌರದಂಗಡಿಯ ಮೊದಲ ಮೆಟ್ಟಿಲು ಮುಟ್ಟಿತ್ತು, ಕಂದು ಬಣ್ಣ, ಸದ್ದಿಲ್ಲ. "ಕೆಂಪು" ಎಂದಳು ಜವಾನನಿಗೆ. ಅಷ್ಟೇ. ಅವನು ಮಂಡಿಗೆ ಶಾಪ ಹಾಕುತ್ತಾ ಎದ್ದ. ತರಕಾರಿ ಗಾಡಿಯವನನ್ನು ಆಕೆ ಮೊದಲೇ ಗೊತ್ತು ಮಾಡಿದ್ದಳು, ಗಾಡಿ ಬಂತು. ಹೊಸ ಸಾಹೇಬರು ಒಂದು ನಿಮಿಷ ಬಾಗಿಲ ಹಾಳೆಯನ್ನು ದಿಟ್ಟಿಸಿ, ಕೋಟು ಬಿಚ್ಚಿ, ಮೂರು ಪುಸ್ತಕ ಹೆಗಲಿಗೇರಿಸಿಕೊಂಡರು.

ಬಾಗಿಲ ಕಡೆಯ ಹೊಸ್ತಿಲಿಗೆ ನೀರು ಏರಲು ಇನ್ನೂ ಹೊತ್ತಿತ್ತು. ಆಕೆ ಹದಿನಾಲ್ಕು ವರ್ಷ ಅಳೆದದ್ದು ಆ ಹೊಸ್ತಿಲನ್ನೇ. ನೀರು ಬಂದದ್ದು ಹಿಂದಿನಿಂದ, ಬಚ್ಚಲ ಮೋರಿಯಿಂದ, ಗುಳುಗುಳು ಎನ್ನುತ್ತಾ. ಬಾಗಿಲಲ್ಲಿ ಕಾವಲು ನಿಂತವಳ ಬೆನ್ನ ಹಿಂದೆ ಕಳ್ಳ ಅಡುಗೆಮನೆಯಿಂದ ಬಂದ ಹಾಗೆ. ಕೆಳಗಿನ ಸಾಲಿನ ಆರು ಪುಸ್ತಕ ಅರ್ಧ ನೆನೆದವು. ಅವನ್ನೂ ಎತ್ತಿದರು. ಎಲ್ಲ ಮುಗಿದಾಗ ನೀರು ಮಂಡಿಗೆ ಬಂದಿತ್ತು. ಜವಾನ ಮೇಜಿನ ಕಡೆ ಕತ್ತು ಹೊರಳಿಸಿದ.

"ಅಕ್ಕಾ, ಇಟ್ಟಿಗೆ?"

ಗಾಡಿಯಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ. ಅವರ ಕೈಗಳಲ್ಲಿ ತಲಾ ಮೂರು ಒದ್ದೆ ಪುಸ್ತಕವಿದ್ದವು. ಒಂದನ್ನಿಟ್ಟು ಅದನ್ನೆತ್ತಬೇಕು. ಕೈಯಲ್ಲಿದ್ದ ಮೂರರಲ್ಲಿ ಓದಲು ಬರುವ ಸಾವಿರಾರು ಹೆಸರು. ಇಟ್ಟಿಗೆಗೆ ಆಕೆ ಯಾವತ್ತೂ ದಾರ ಕಟ್ಟಿರಲಿಲ್ಲ. ಓದಲಾಗದ್ದು ದಾಖಲೆಯಲ್ಲ, ನಿಯಮ ಆಕೆಯದೇ, ಅಕ್ಷರವೂ ಆಕೆಯದೇ.

"ದಾರ ಇಲ್ಲ" ಎಂದಳು. "ಬಿಡು."

ಬೀದಿಗೆ ಇಳಿದ ಮೇಲೆ ಒಂದೇ ಒಂದು ಸಲ ಹಿಂತಿರುಗಿ ನೋಡಿದಳು. ಕಿಟಕಿಯೊಳಗೆ ಮೇಜು ಮೆಲ್ಲಗೆ ತಿರುಗುತ್ತಿತ್ತು.

ಐಸ್ ಕಾರ್ಖಾನೆಯ ಏರು ಹತ್ತಿದಾಗ ಅತ್ತೆ ಆಗಲೇ ಅಲ್ಲಿ ಮೂಟೆಯೊಂದರ ಮೇಲೆ ಕೂತಿದ್ದಳು, ಕೈಯಲ್ಲಿ ಕೋಲು, ಬಗಲಲ್ಲಿ ಅಡುಗೆಮನೆಯ ಗೋಡೆಯಿಂದ ಕಿತ್ತ ಹಾಳೆ. "ದಾರ ಇಲ್ಲದ ಸಾಮಾನು, ತಾನೇ ನಡ್ಕೊಂಡು ಬಂತು" ಎಂದಳು. ಯಜಮಾನ ಬಾಗಿಲಲ್ಲಿ ನಿಂತಿದ್ದ. ಒಳಗೆ ಕೋಣೆ ತುಂಬ ಮೀನು. ಆಕೆ ಒದ್ದೆ ಪುಸ್ತಕ ಹಿಡಿದು ನಿಂತಳು, ಹಿಂದೊಮ್ಮೆ ನಿಂತಂತೆಯೇ. ಅವನು ಆಳುಗಳನ್ನು ಕರೆದು ಎರಡು ಶೆಲ್ಫು ಖಾಲಿ ಮಾಡಿಸಿದ. ಆ ದಿನ ಏರಿನ ಮೇಲೆ ಆಸರೆ ಪಡೆದವರೆಲ್ಲ ಹೊಟ್ಟೆ ತುಂಬ ಮೀನು ತಿಂದರು.

ಮೂರನೇ ದಿನ ನೀರು ಇಳಿಯಿತು. ಕಚೇರಿಯ ನೆಲದಲ್ಲಿ ಮೊಣಕಾಲುದ್ದ ಕೆಸರು. ಮೇಜು ತಲೆಕೆಳಗಾಗಿತ್ತು, ಖಾನೆ, ಖಾನೆಯೊಳಗಿನ ಬೆಂಕಿಪೊಟ್ಟಣ, ಯಾವುದೂ ಇರಲಿಲ್ಲ. ಇಟ್ಟಿಗೆ ಮೂಲೆಯಲ್ಲಿ ಕೆಸರಿನಲ್ಲಿ ಸಿಕ್ಕಿತು. ಅದು ಠಣ್ ಎನ್ನಲಿಲ್ಲ. ಊದಿಕೊಂಡಿತ್ತು, ಮೆತ್ತಗಾಗಿತ್ತು, ಅಂಚಿನಲ್ಲಿ ಹಾಳೆಗಳು ಬಾಯಿ ಬಿಟ್ಟಿದ್ದವು. ಜವಾನ ಬಗ್ಗಿ, "ತೆಗೆದು ನೋಡೋಣ್ವಾ?" ಎಂದ. ಆಕೆಯ ಕೈ ಮುಂದೆ ಹೋಯಿತು. ಹತ್ತೊಂಬತ್ತು ವರ್ಷದ ಪ್ರಶ್ನೆ ಒಂದು ಉಗುರಿನ ದೂರದಲ್ಲಿತ್ತು. ಕೈಯನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು. "ಹಲಗೆ ತಗೊಂಡು ಬಾ. ಮುಟ್ಟಬೇಡ. ಐಸಿಗೆ."

ಎರಡು ತಿಂಗಳಾದ ಮೇಲೆ ಕಾಗದ ರಿಪೇರಿಯ ಮುದುಕ ಬಂದ, ಈಗ ಇನ್ನೂ ಮುದುಕ. ಐಸ್ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲೇ ಮೇಜು ಹಾಕಿದರು. ಆರು ಪುಸ್ತಕ ಆರು ದಿನದಲ್ಲಿ ಹಾಳೆಹಾಳೆಯಾಗಿ ಬಿಡಿಸಿಕೊಂಡವು. ಒಂದು ಹೆಸರೂ ಹೋಗಿರಲಿಲ್ಲ. ಆಮೇಲೆ ಹಲಗೆಯ ಮೇಲಿನ ಏಳನೆಯದು. ಮುದುಕ ಅದು ಕರಗುವವರೆಗೆ ನೋಡುತ್ತಾ ಕೂತ. ಆಕೆ ಎದುರಿಗೆ. ಬಾಗಿಲ ಬಳಿ ಹೊಲಿಗೆಯವಳು, ಹೇಳಿ ಕರೆಸಿದ್ದು. ಗೋಡೆಗೊರಗಿ ಯಜಮಾನ, ಅವನಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಕೋಣೆ ಅವನದು.

"ಇದು ಮೊದಲೇ ಒಂದ್ಸಲ ಸತ್ತಿದೆಯಲ್ಲ" ಎಂದ ಮುದುಕ, ಬೆನ್ನು ಸವರುತ್ತಾ. "ಬಿಸಿಲಲ್ಲಿ ಬೇಯಿಸಿ, ಭಾರ ಹೇರಿದ್ದಾರೆ. ಈ ಗುಂಡು ಗುರುತು ತೂಕದ ಕಲ್ಲಿಂದು. ಯಾವ ಮಹಾನುಭಾವರ ಐಡಿಯಾ ಇದು?"

ಯಜಮಾನ ತನ್ನ ಚಪ್ಪಲಿ ನೋಡಿಕೊಂಡ.

"ನಾನೇ ಹಾಕಿದ್ದು" ಎಂದಳು ಆಕೆ.

ಮುದುಕ ಹುಬ್ಬೇರಿಸಿ, ತೆಳ್ಳನೆಯ ಮರದ ಅಲಗು ತೆಗೆದುಕೊಂಡ. ಎರಡು ದಿನ ಕೆರೆಯ ನೀರು ಮಾಡಿದ ಕೆಲಸವನ್ನು ಯಾವ ಮನುಷ್ಯನೂ ಧೈರ್ಯ ಮಾಡಿ ಮಾಡುತ್ತಿರಲಿಲ್ಲ, ಅಂಟು ಬಿಟ್ಟಿತ್ತು. ಎಲ್ಲ ಹಾಳೆಯೂ ಅಲ್ಲ. ಎಂಬತ್ತಕ್ಕಿಂತ ತುಸು ಹೆಚ್ಚು ಬಂದವು, ಉಳಿದವು ಕೊನೆಗೂ ಗಟ್ಟಿಯಾಗಿಯೇ ಉಳಿದವು. ಬಿಡಿಸಿದ ಮೊದಲ ಹಾಳೆ ಬರಿಯ ನೀಲಿ ಮೋಡ. ಎರಡನೆಯದೂ. ಹತ್ತು, ಹದಿನೈದು, ನೀಲಿ ಮೋಡ. ಹೆಸರುಗಳಿದ್ದ ಜಾಗದಲ್ಲಿ ಸಾಲಾಗಿ ತೇವದ ಕಲೆಗಳು. ಆಕೆ ಒಂದೊಂದನ್ನೂ ಎಣಿಸಿಕೊಂಡು ಪಕ್ಕಕ್ಕಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆಯಲ್ಲಿ ಮೋಡದ ನಡುವೆ ನಾಲ್ಕು ಸಾಲು ಕಪ್ಪಗೆ ಎದ್ದು ನಿಂತಿದ್ದವು, ನಿನ್ನೆ ಬರೆದಂತೆ. ಸಾಹೇಬರು ಇಲ್ಲದ ದಿನ. ಬಾಲ್ ಪೆನ್ನು. ಮೂರನೆಯ ಸಾಲು: ಹೆಣ್ಣು. ಹೆಸರು, ಇಟ್ಟಿಲ್ಲ. ತಾಯಿಯ ಕಸುಬು, ಹೊಲಿಗೆ. ಆಮೇಲೆ ಎರಡು ತಾರೀಕು, ನಡುವೆ ಮೂರು ದಿನ.

ಆಕೆ ಬಾಗಿಲ ಕಡೆ ಕೈಸನ್ನೆ ಮಾಡಿದಳು. ಹೊಲಿಗೆಯವಳು ಬಂದು ಬಗ್ಗಿ, ಅಳತೆ ನೋಡುವವಳಂತೆ ಬೆರಳು ತಾಗಿಸದೆ ಸಾಲಿನುದ್ದಕ್ಕೂ ಓದಿದಳು. ಅಳಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ.

"ನೀವು ಹೇಳ್ತಾನೇ ಇದ್ರಲ್ಲ" ಎಂದಳು. "ಇದೆ ಅಂತ."

ಆಮೇಲೆ ಕೇಳಿದಳು: "ತಣ್ಣಗಿದೆ. ಶೀತ ಆಗಲ್ವಾ?"

"ಈಗ ಆರುತ್ತೆ" ಎಂದಳು ಆಕೆ. "ನೆರಳಲ್ಲಿ."

ಆ ಹಾಳೆಗಳಿಗೆ ಈಗ ಕೆಂಪು ದಾರವಿದೆ. ಬಿಡಿಸಲಾಗದೆ ಉಳಿದ ಗಟ್ಟಿ ಮತ್ತೆ ಒಣಗಿ, ಚಿಕ್ಕದಾಗಿ, ಮೇಜಿನ ಮೇಲೆ ಕೂತಿದೆ. ಬೇಸಿಗೆ ಬಂದರೆ ಚಟ್ ಎನ್ನುತ್ತದೆ. ಅದರೊಳಗೆ ಇನ್ನೂ ಯಾರಿದ್ದಾರೆ, ಯಾವ ಪೆನ್ನಿನಲ್ಲಿದ್ದಾರೆ, ಆಕೆಗೆ ತಿಳಿಯದು. ಬೆರಳು ಈಗಲೂ ಮಡಚಿಕೊಳ್ಳುತ್ತದೆ. ಆಕೆಯ ನಿವೃತ್ತಿಗೆ ಇನ್ನೂ ಬಹಳ ವರ್ಷವಿದೆ. ಹಾಳೆಗೆ ಒಂದು ಸಾಲು ಸೇರಿಸಿದ್ದಾಳೆ: ಬಚ್ಚಲ ಮೋರಿ. ಊರು ಆಕೆಯನ್ನು ಈಗಲೂ ಇಟ್ಟಿಗೆಯಮ್ಮ ಎಂದೇ ಕರೆಯುತ್ತದೆ, ಈಗ ತುಸು ಮೆತ್ತಗೆ.

ಐಸ್ ಕಾರ್ಖಾನೆ ನನ್ನದು. ಬಿಸಿಲಿಗೆ ಹಾಕು, ಮೇಲೆ ಭಾರ ಇಡು ಎಂದವನು ನಾನು. ಆ ನಾಲ್ಕು ಕಲ್ಲುಗಳೂ ನನ್ನವೇ, ಈಗಲೂ ದಿನಾ ಅವುಗಳಲ್ಲೇ ತೂಗುತ್ತೇನೆ. ಯಾರ ಕೆಲಸ ಎಂದು ಕೇಳಿದಾಗ ಎರಡು ಸಲವೂ ಆಕೆ ತನ್ನದೆಂದಳು, ಎರಡು ಸಲ ನಾನು ಸುಮ್ಮನಿದ್ದೆ. ಇಟ್ಟಿಗೆ ಎಂಬ ಆ ಹೆಸರು ನನಗೆ ಸೇರಬೇಕಾದದ್ದು. ಅದನ್ನು ಆಕೆಯ ಮೇಲಿಂದ ಇಳಿಸಿ ನಾನು ಹೊರುವುದು ಬಾಕಿ ಇದೆ.